ಉಪ್ಪು ತಿಂದ ಮನೆ

ಮುಹರ್ರಕ್‌ನ ಹಿಂಬೀದಿಯಲ್ಲಿ, ಟಯರ್ ಅಂಗಡಿಗೂ
ಮುಚ್ಚಿದ ಬೇಕರಿಗೂ ನಡುವೆ
ಗರಗಸದ ಹಲ್ಲಿನಂಥ ಮಾಡು ಹೊತ್ತು
ನಿಂತಿದೆ ಕಾಂಕ್ರೀಟು ಮನೆ.
ಅಳೆದು ಬಾ ಎಂದು ಕಳಿಸಿದ್ದಾರೆ ನನ್ನನ್ನು.
ಟೇಪು, ಲೇಸರು, ಒಂದು ಟಾರ್ಚು,
ಮತ್ತೆ ಹದಿನಾಲ್ಕು ಪುಟದ ನಮೂನೆ.

ಕಟ್ಟಿದ ವರ್ಷ: ಅರವತ್ತೊಂಬತ್ತು.
ವಾಸ್ತುಶಿಲ್ಪಿ: ಹೆಸರಿದೆ, ಭಾವಚಿತ್ರವೂ ಇದೆ.
ಸಿಮೆಂಟು ಕಲಸಿದವರಿಗೆ ಕಾಲಂ ಇಲ್ಲ.
ಉದ್ದೇಶ: ಆರು ಮಂದಿ ಕಲಾವಿದರು ಕೆಲಸ ಮಾಡುವುದಕ್ಕೆ.
ಮಲಗುವುದು ಆಮೇಲಿನ ಮಾತು,
ಮಂಚ ನೋಡಿದರೇ ಗೊತ್ತಾಗುತ್ತದೆ:
ಗೋಡೆಯಿಂದ ಚಾಚಿದ ಎರಡೂಕಾಲು ಅಡಿ ಹಲಗೆ.
ಹೊರಳಿದರೆ ಬಿದ್ದೆ, ಬಿದ್ದರೆ ಎದ್ದೆ,
ಎದ್ದರೆ ಎದುರಿಗೇ ಈಸೆಲ್ಲು.

ಉತ್ತರಕ್ಕೆ ಹನ್ನೊಂದು ಅಡಿ ಗಾಜು.
ದಕ್ಷಿಣಕ್ಕೆ ಕಿಟಕಿಯೇ ಇಲ್ಲ,
ಬಿಸಿಲಿಗೆ ಬೆನ್ನು ಕೊಟ್ಟು ಕೂತಿದೆ.
ಪೂರ್ವದ ಗೋಡೆಯಲ್ಲಿ ಒಂದು ಸೀಳು,
ಅಗಲ ಒಂದು ಗೇಣು, ಎತ್ತರ ಎರಡಾಳು.
ಇದನ್ನು ಏನೆಂದು ಬರೆಯಲಿ?
"ಚಿತ್ರಗಳು ಹೊರಗೆ ಹೋಗುವ ಬಾಗಿಲು," ಅಂದರು ಲೂಲ್ವಾ,
"ಮನುಷ್ಯರದ್ದು ಆ ಕಡೆ. ತಗ್ಗು. ತಲೆ ನೋಡಿಕೋ."
ಅಷ್ಟರಲ್ಲಿ ಹೊಡೆಸಿಕೊಂಡಾಗಿತ್ತು.

ಆರರಲ್ಲಿ ಉಳಿದವರು ಇವರೊಬ್ಬರು. ಎಪ್ಪತ್ತೆಂಟು.
ಮೂರನೇ ಕೋಣೆಯಲ್ಲಿ ಈಗಲೂ ತಾಮ್ರದ ತಗಡು ಕೊರೆಯುತ್ತಾರೆ,
ಆಸಿಡ್ಡಿನ ತೊಟ್ಟಿಗೆ ಮುಚ್ಚಳ ಮರೆಯುತ್ತಾರೆ.
ಚಹಾ ತಂದಿಟ್ಟರು.
ಲೋಟ ಬೇರೆ, ಕುಂಚ ತೊಳೆಯುವ ಡಬ್ಬಿ ಬೇರೆ
ಎಂದು ಕೇಳದೆಯೇ ಆಣೆ ಇಟ್ಟರು.

ಇಂಜಿನಿಯರ್ ಹೈಥಮ್ ಬಂದ,
ಉಗುರಲ್ಲಿ ಗೋಡೆ ಕೆರೆದು ನನ್ನ ಮುಂದೆ ಹಿಡಿದ.
ಗಂಗೊಳ್ಳಿಯವನ ನಾಲಗೆಗೆ ಹೇಳಿಕೊಡಬೇಕೇ?
ಕಡಲ ಮರಳು.
ಆಗ ಕಡಲು ಹಿತ್ತಲಲ್ಲೇ ಇತ್ತಂತೆ,
ಬುಟ್ಟಿಯಲ್ಲಿ ತಂದು, ತೊಳೆಯದೆ ಕಲಸಿದರಂತೆ.
ಈಗ ಮಣ್ಣು ತುಂಬಿ ತುಂಬಿ ಕಡಲನ್ನು ದೂಡಿದ್ದಾರೆ,
ಹೆದ್ದಾರಿಯಾಚೆ, ಮಾಲಿನಾಚೆ.
ಉಪ್ಪು ಮಾತ್ರ ಜೊತೆಗೆ ಹೋಗಲಿಲ್ಲ.
ಒಳಗೆ ಕೂತು ಕಬ್ಬಿಣ ಮೆಲ್ಲುತ್ತಿದೆ.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು
ಎಂದು ಕೇಳಿ ಬೆಳೆದವನು ನಾನು.
ಇಲ್ಲಿ ಉಪ್ಪು ತಿಂದದ್ದು ಮನೆಯೇ.

ಮದ್ದು ಇದೆ, ಅಂದ ಹೈಥಮ್:
ಕಾಗದ ಅರೆದು, ಬಟ್ಟಿ ಇಳಿಸಿದ ನೀರಲ್ಲಿ ಕಲಸಿ
ಗೋಡೆಗೆ ಮೆತ್ತುವುದು.
ಒಣಗುತ್ತ ಒಣಗುತ್ತ ಅದು ಉಪ್ಪು ಹೀರುತ್ತದೆ.
ಕಿತ್ತು ಮತ್ತೆ ಮೆತ್ತುವುದು. ಇಪ್ಪತ್ತು ಸಲ, ಮೂವತ್ತು ಸಲ.
ಸರಿಯೇ. ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ.
ಲೂಲ್ವಾ ಒಳಗಿಂದ ಒಂದು ಕಟ್ಟು ತಂದರು,
ಐವತ್ತು ವರ್ಷದ ಕೆಟ್ಟ ಅಚ್ಚುಗಳು.
"ಅರೆಯಿರಿ ಇವನ್ನು."
ಶಾಯಿ ತಾಗಿದ ಕಾಗದ ಆಗುವುದಿಲ್ಲ ಎಂದ ಅವನು.
ತಂದಷ್ಟೇ ಜೋಪಾನವಾಗಿ ವಾಪಸು ಒಯ್ದರು.

ಹನ್ನೊಂದನೇ ಪುಟ, ರಕ್ಷಣೆಯ ಷರತ್ತುಗಳು.
ಮೊಳೆ ಹೊಡೆಯಕೂಡದು.
ಬೆಂಕಿ, ಟರ್ಪೆಂಟೈನು, ಆಸಿಡ್ಡು ಕೂಡದು.
ಅರಬ್ಬಿಯನ್ನು ಮನಸ್ಸಿನಲ್ಲೇ ಕನ್ನಡ ಮಾಡುತ್ತ ಬಂದವನು
ಒಂಬತ್ತನೇ ಸಾಲಿಗೆ ನಿಂತೆ:
ನೆಲದ ಮೇಲಿನ ಹಳೆಯ ಕಲೆಗಳನ್ನು ಕಾಪಾಡತಕ್ಕದ್ದು.
ಹೊಸ ಕಲೆ ಆಗಕೂಡದು.

ಯಾಕೆ ನಗುತ್ತೀ ಅಂದರು.
ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ, ಅಂದೆ,
ನೀವು ಮಾಡುವುದಕ್ಕೂ, ನೆಲಕ್ಕೆ ಆಗುವುದಕ್ಕೂ.
ಕಲೆ, ಕಲೆ, ಎಂದು ನಾಲ್ಕು ಸಲ ಹೇಳಿಸಿಕೊಂಡರು.
"ಹಾಗಾದರೆ ನಿಮ್ಮವರಿಗೆ
ಈ ಕಾಗದ ಬರೆಯುವುದಕ್ಕೇ ಆಗುತ್ತಿರಲಿಲ್ಲ."

ಸಂಜೆ ಮೂರನೇ ಕೋಣೆಯ ನೆಲ ಅಳೆದೆ.
ಮೊಣಕಾಲೂರಿ, ಕಲೆಗೊಂದು ನಂಬರು,
ಬಣ್ಣ, ಅಗಲ, ಅಂದಾಜು ವರ್ಷ.
ಅರವತ್ತೇಳನೆಯದು ತೊಟ್ಟಿಯ ಪಕ್ಕ,
ಪಾಚಿ ಹಸಿರು, ಅಂಗೈಯಷ್ಟು.
ಮುಟ್ಟಿದರೆ ಒದ್ದೆ.
ಹೈಥಮ್ ಬಾಗಿಲಿಂದ ಕೇಳಿದ: ಅದು ಯಾವ ಕಾಲದ್ದು?
ಲೂಲ್ವಾ ಗೋಡೆ ನೋಡುತ್ತಿದ್ದರು.
ಎಪ್ಪತ್ತೆರಡು, ಅಂದೆ. ಹಾಗೇ ಬರೆದೆ.
ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಆಮೇಲೆ ಚಹಾದ ನೆನಪಾಗಿ ಕುಡಿದೆ.
ತಣ್ಣಗಾಗಿತ್ತು.
ಆಣೆ ಸುಳ್ಳು. ಟರ್ಪೆಂಟೈನಿನ ರುಚಿ
ಮನಾಮಾ ಸೇತುವೆ ದಾಟುವವರೆಗೂ ನಾಲಗೆಯ ಮೇಲಿತ್ತು.